ಅತ್ತೆಯ ಮೂಗು ಕೈಕೊಟ್ಟ ಮಳೆಗಾಲ

ಮೊನ್ನೆ ಗೋಕಾಕದಿಂದ ಊರಿಗೆ ಬರುವಾಗ ನಮ್ಮ ಬಸ್ಸಿನ ಮುಂದೆ ಕೋಳಿ ಗೊಬ್ಬರ ಹೇರಿಕೊಂಡ ಟ್ರ್ಯಾಕ್ಟರೊಂದು ಗಂಟುಬಿತ್ತು. ಮೇಲೆ ತಾಡಪತ್ರಿ ಇರಲಿಲ್ಲ. ರಸ್ತೆಯ ಒಂದು ಪಕ್ಕ ಅಗೆದುಹಾಕಿದ್ದರಿಂದ ದಾಟಿ ಮುಂದೆ ಹೋಗಲು ಜಾಗವೂ ಇರಲಿಲ್ಲ. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ನಾತ. ಹೆಂಗಸರು ಸೆರಗು, ಗಂಡಸರು ಟವೆಲ್ಲು ಮೂಗಿಗೆ ಒತ್ತಿಕೊಂಡರು. ಕೂತು ಕೂತು ಬೇಸರವಾಗಿ ಬಸ್ಸಿನಲ್ಲಿ ಒಂದು ಚರ್ಚೆಯೇ ಶುರುವಾಯಿತು: ಒಕ್ಕಲುತನದಲ್ಲಿ ಎಲ್ಲಕ್ಕಿಂತ ಕೆಟ್ಟ ನಾತ ಯಾವುದು?

"ಇದೇನ್ ಮಹಾ ನಾತರೀ? ಕೊಳತ ಉಳ್ಳಾಗಡ್ಡಿ ಚೀಲ ಬಿಚ್ಚಿ ನೋಡ್ರಿ, ಜೀವ ಬಾಯಿಗಿ ಬರತೈತಿ," ಎಂದ ಒಬ್ಬ. ಕೊಣ್ಣೂರಿನ ಮುದುಕರೊಬ್ಬರು ನೆಲದೊಳಗೆ ಜೋಳ ತುಂಬಿಡುವ ಹಗೇವಿಗೆ ನೀರು ಹೊಕ್ಕಾಗಿನ ನಾತದ ಪರವಾಗಿ ವಾದಿಸಿದರು. ಕಂಡಕ್ಟರ್ ಮಾತ್ರ, "ಜಾತ್ರಿ ಮುಗಿದ ಮರುದಿನ ಈ ಬಸ್ಸು ತೊಳ್ಯಾಕ ಬರ್ರಿ, ನಿಮ್ಮ ಗೊಬ್ಬರ ಎಲ್ಲಾ ಅತ್ತರ ಆಕ್ಕೈತಿ," ಎಂದು ಟಿಕೀಟು ಹರಿದ. ನಾನು ಸೆರಗಿನೊಳಗೇ ನಕ್ಕೆ. ಈ ವಿಷಯದಲ್ಲಿ ನನ್ನಷ್ಟು ಓದಿಕೊಂಡವರು ಆ ಬಸ್ಸಿನಲ್ಲಿ ಯಾರೂ ಇರಲಿಲ್ಲ. ಒಂದು ಇಡೀ ಮಳೆಗಾಲ ನಾವು ಮನೆಮಂದಿಯೆಲ್ಲ ಕೂಡಿ ಊರಿನ ನಾತಗಳನ್ನು ಒಂದೊಂದಾಗಿ ಹುಡುಕಿಕೊಂಡು ಹೋಗಿದ್ದೆವು. ಹುಚ್ಚು ಹಿಡಿದಿತ್ತೆಂದಲ್ಲ, ಬೇರೆ ದಾರಿ ಇರಲಿಲ್ಲ.

ನನ್ನ ತವರು ಹುಕ್ಕೇರಿ. ಅಪ್ಪನದು ಕಂಬಳಿ ಅಂಗಡಿ. ಮದುವೆಯಾಗುವವರೆಗೆ ನನಗೆ ಗೊತ್ತಿದ್ದ ಕೆಟ್ಟ ವಾಸನೆಯೆಂದರೆ ತೊಯ್ದ ಕಂಬಳಿಯದು ಮಾತ್ರ. ನಾಗನೂರಿನ ತೋಟದ ಮನೆಗೆ ಸೊಸೆಯಾಗಿ ಬಂದ ಮೇಲೆ ಉಳಿದ ವಿದ್ಯೆಗಳು ಒಂದೊಂದಾಗಿ ಬಂದವು. ಗಂಡನ ಮನೆಯವರು ಮೊದಲು ಕುರಿ ಕಾಯುತ್ತಿದ್ದವರು, ಈಗ ಕಬ್ಬು, ಗೋವಿನಜೋಳ, ಎಮ್ಮೆ ಎಂದು ನೆಲೆ ನಿಂತವರು. ಮನೆಯಲ್ಲಿ ಇದ್ದದ್ದು ನಾಲ್ವರು: ನಾನು, ನಮ್ಮ ಯಜಮಾನರು ಸಿದ್ದಪ್ಪ, ಮಾವ, ಮತ್ತು ಅತ್ತೆ ಗಂಗವ್ವ. ಅತ್ತೆಯ ಮೂಗನ್ನೂ ಬೇರೆಯಾಗಿ ಎಣಿಸಿದರೆ ಐವರು.

ಆ ಮೂಗು ನಮ್ಮ ಮನೆಯ ಪೊಲೀಸ್ ಠಾಣೆ. ಅತ್ತೆ ಕಬ್ಬಿನ ಹೊಲದಲ್ಲಿ ನಿಂತೇ, "ಒಲಿ ಮ್ಯಾಲ ಹಾಲ ಹೊತ್ತಾಕತ್ತಾವು, ಒಳಗ ಯಾರೂ ಇಲ್ಲೇನ?" ಎಂದು ಕೂಗುತ್ತಿದ್ದರು. ಮಾವ ಬಾವಿಯ ಹಿಂದೆ ಹೋಗಿ ಕದ್ದು ಬೀಡಿ ಸೇದಿ, ಮೇಲೆ ಬೇವಿನ ತಪ್ಪಲು ಅಗಿದು, ಏನೂ ಅರಿಯದವರ ಮುಖ ಮಾಡಿಕೊಂಡು ಬಂದರೆ, "ಬೀಡಿ ವಾಸನಿ ಮುಚ್ಚಾಕ ಬೇವು ತಿಂದೀರಿ. ಈಗ ಎರಡೂ ನಾರಾಕತ್ತೀರಿ," ಎಂದು ತೀರ್ಪು ಕೊಡುತ್ತಿದ್ದರು. ತಿಪ್ಪೆಯ ಗೊಬ್ಬರ ಕಳಿತಿದೆಯೋ ಇಲ್ಲವೋ ಎಂಬುದನ್ನು ಒಂದು ಹಿಡಿ ಮೂಸಿ ಹೇಳುತ್ತಿದ್ದರು. ಪಕ್ಕದ ತೋಟದ ಜೈನರ ಪದ್ಮಕ್ಕ ಪೇಟೆಯಿಂದ ತುಪ್ಪ ತಂದರೆ ಮೊದಲು ಇವರ ಮೂಗಿಗೆ ಹಿಡಿಯದೆ ದೇವರ ಮುಂದೆ ಇಡುತ್ತಿರಲಿಲ್ಲ.

ಬೈಗುಳಕ್ಕೆ ನಾನು ಹೆದರಿದವಳಲ್ಲ. ತಾಯಿಯಿಲ್ಲದೆ ಬೆಳೆದವಳು. ತವರಿನಲ್ಲಿ ಹಾಲು ಉಕ್ಕಿಸಿದರೂ ಕೇಳುವವರಿರಲಿಲ್ಲ, ಉಪವಾಸ ಮಲಗಿದರೂ ಕೇಳುವವರಿರಲಿಲ್ಲ. ಅತ್ತೆ ಹಾಲಿಗೂ ಬೈಯುತ್ತಿದ್ದರು, ನಾನು ಉಣ್ಣದಿದ್ದರೆ ಅದಕ್ಕೂ ಬೈಯುತ್ತಿದ್ದರು. ಎದುರು ಮಾತಾಡಿ ಜಗಳವಾಡುತ್ತಿದ್ದೆ ನಿಜ, ಆದರೆ ಒಳಗೊಳಗೆ ಅದು ನನಗೆ ಬೇಕಾಗಿತ್ತು.

ಕರೋನಾ ಎರಡನೆಯ ಸಲ ಹಬ್ಬಿದಾಗ ಜ್ವರ ನಮ್ಮ ಮನೆಗೂ ಬಂತು. ನಾಲ್ವರೂ ಸಾಲಾಗಿ ಮಲಗಿ ಸಾಲಾಗಿಯೇ ಎದ್ದೆವು. ದೇವರು ದೊಡ್ಡವನು ಅಂದುಕೊಂಡೆವು. ಕೆಲವು ದಿನ ಕಳೆದ ಮೇಲೆ ಒಂದು ಮುಂಜಾನೆ ನಾನು ಕೊಟ್ಟಿಗೆಯಿಂದ ಬರುತ್ತೇನೆ, ಹಾಲು ತಳಹಿಡಿದು ಅಡುಗೆಮನೆಯ ತುಂಬ ಹೊಗೆ. ಅತ್ತೆ ಒಲೆಗೆ ಬೆನ್ನು ಮಾಡಿ ಅಲ್ಲೇ ಕುಳಿತು ಆರಾಮವಾಗಿ ಅಕ್ಕಿ ಹಸನು ಮಾಡುತ್ತಿದ್ದರು. "ಅತ್ತೀ, ಹಾಲು!" ಎಂದು ಚೀರಿದೆ. ಅವರು ತಿರುಗಿ ಪಾತ್ರೆ ನೋಡಿದರು, ನನ್ನನ್ನು ನೋಡಿದರು. ಮೂಗನ್ನು ಒಮ್ಮೆ ಮುಟ್ಟಿಕೊಂಡು, "ಕಣ್ಣಿಗಿ ಹೊಗಿ ಬಂತು, ಮೂಗಿಗಿ ಏನೂ ಬರಲಿಲ್ಲಲ್ಲವಾ," ಎಂದರು.

ಸುಳ್ಳೇಕೆ ಹೇಳಲಿ, ಮೊದಮೊದಲು ಮನೆಯಲ್ಲಿ ಹಬ್ಬವೇ ಆಯಿತು. ಮಾವ ಬಾವಿಯ ಹಿಂದಿನಿಂದ ಎದ್ದು ಬಂದು ಅಂಗಳದ ಕಟ್ಟೆಯ ಮೇಲೆ ಕಾಲು ಮೇಲೆ ಕಾಲು ಹಾಕಿಕೊಂಡು ಬೀಡಿ ಹಚ್ಚಿದರು. ಯಜಮಾನರು ಮೊಬೈಲಿನಲ್ಲಿ ನೋಡಿ ಕಲಿತ ಒಂದು ವಿದ್ಯೆ ಬಹಳ ದಿನದಿಂದ ಅವರ ತಲೆಯಲ್ಲಿತ್ತು. ಮೀನು, ಬೆಲ್ಲ ಕೂಡಿಸಿ ಡ್ರಮ್ಮಿನಲ್ಲಿ ಕೊಳೆಸಿ ಬೆಳೆಗೆ ಹೊಡೆಯುವ ಟಾನಿಕ್ಕು. ಅತ್ತೆಯ ಮೂಗಿನ ಹೆದರಿಕೆಯಿಂದ ಮಾಡಿರಲಿಲ್ಲ, ಈಗ ಡ್ರಮ್ಮು ತಂದು ಹಿತ್ತಲಲ್ಲಿಟ್ಟರು. ನಾತದ ಕೆಲಸಗಳೆಲ್ಲ ತಾವಾಗಿಯೇ ಅತ್ತೆಯ ಪಾಲಿಗೆ ಹೋದವು. ಎಮ್ಮೆ ಈದು ಮಾಸು ಬೀಳದೆ ಒಳಗೇ ಕೊಳೆತಾಗ ನಾವೆಲ್ಲ ಕೊಟ್ಟಿಗೆಯ ಹೊರಗೆ ನಿಂತು ಓಕರಿಸುತ್ತಿದ್ದರೆ ಅತ್ತೆ ಸೆರಗು ಸಿಕ್ಕಿಸಿಕೊಂಡು ದನದ ಡಾಕ್ಟರರ ಬಾಜೂ ನಿಂತರು. "ಸರೀರಿ ಆ ಕಡೆ. ನಂಗೇನ್ ಮಲ್ಲಿಗಿ ಏನ್ ಮಾಸು, ಎಲ್ಲಾ ಒಂದ," ಎಂದರು. ಆಗ ನಾವು ನಕ್ಕೆವು.

ಕಾರಹುಣ್ಣಿಮೆಯ ದಿನ ಆ ನಗು ನಿಂತಿತು. ಹೋಳಿಗೆ ಬಡಿಸಿದೆ. ಅತ್ತೆ ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದರು. "ಮೆತ್ತಗ ಐತಿ, ಬಿಸಿ ಐತಿ, ಸಿಹಿ ಐತಿ. ಹೋಳಿಗಿ ಎಲ್ಲೈತಿ ಇದರಾಗ?" ಎಂದು ತಾಟು ಸರಿಸಿದರು. ಅಲ್ಲಿಂದ ಅವರ ಊಟ ಇಳಿಯುತ್ತ ಹೋಯಿತು. ಎರಡು ರೊಟ್ಟಿ ಉಣ್ಣುತ್ತಿದ್ದವರು ಅರ್ಧ ರೊಟ್ಟಿಗೆ ಬಂದರು, ಆಮೇಲೆ ಬರೀ ಮಜ್ಜಿಗೆಗೆ. "ಮಣ್ಣ ತಿಂದಂಗ ಆಗತೈತಿ. ಹಸಿವ್ಯಾಗೂದಿಲ್ಲ," ಎನ್ನುತ್ತಿದ್ದರು. ಕೈಬಳೆಗಳು ಮೊಳಕೈವರೆಗೆ ಜಾರತೊಡಗಿದವು. ಹಾಲು ಉಕ್ಕಿಸಿದರೂ ನನ್ನನ್ನು ಬೈಯಲಿಲ್ಲ. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಜ್ವರದಿಂದ ಉಳಿಸಿಕೊಂಡವರನ್ನು ಹಸಿವಿಲ್ಲದೆ ಕಳೆದುಕೊಳ್ಳುತ್ತೇವೆ ಅನ್ನಿಸಿತು.

ಗೋಕಾಕದ ಡಾಕ್ಟರರ ಹತ್ತಿರ ಕರೆದೊಯ್ದೆವು. ಅವರು, "ಔಷಧ ಏನಿಲ್ಲರಿ. ದಿನಾ ಮುಂಜಾನಿ ಲವಂಗ, ನಿಂಬಿಹಣ್ಣು ಮೂಸಾಕ ಹಚ್ಚರಿ. ಮಲಗಿದ ಮೂಗು ಮೆಲ್ಲಕ ಏಳತೈತಿ," ಎಂದರು. ನಾವು ಹಾಗೆಯೇ ಮಾಡಿದೆವು. ಮೂಗು ಏಳಲಿಲ್ಲ. ಆಗ ಮಾವ ಬೀಡಿ ಆರಿಸಿ ವಿಚಾರಕ್ಕೆ ಕೂತರು. "ಗಾಢ ನಿದ್ದಿ ಮಲಗಿದಾಂವನ್ನ ಲವಂಗ ತೋರಿಸಿ ಎಬ್ಬಸ್ತಾರೇನು? ಒದ್ದು ಎಬ್ಬಿಸಬೇಕು. ಮುಳ್ಳನ್ನ ಮುಳ್ಳೀಲೆ ತಗೀಬೇಕು. ನಾತದ ಜಡ್ಡಿಗಿ ನಾತಾನ ಔಷಧ," ಎಂದರು. ಕೇಳಲು ನ್ಯಾಯವಾಗಿಯೇ ಇತ್ತು. ಹೀಗೆ ನಮ್ಮ ಯಾತ್ರೆ ಶುರುವಾಯಿತು.

ಮೊದಲು ಹೋತ. ಮಾವನ ದಾಯಾದಿಗಳ ಕುರಿಹಿಂಡು ಆಗ ನಮ್ಮ ಹೊಲದಲ್ಲೇ ತರುಬಿತ್ತು. ನೆಲಕ್ಕೆ ಹಿಕ್ಕೆ, ಗಂಜಳ ಬೀಳಲೆಂದು ಹೊಲದಲ್ಲಿ ರಾತ್ರಿಯೆಲ್ಲ ಕುರಿ ನಿಲ್ಲಿಸುವ ಪದ್ಧತಿ ನಮ್ಮಲ್ಲಿದೆ. ಹಿಂಡಿನಲ್ಲಿ ಒಂದು ದೊಡ್ಡ ಹೋತವಿತ್ತು. ಬೆದೆಯ ಕಾಲದಲ್ಲಿ ಹೋತ ತನ್ನ ಗಡ್ಡದ ಮೇಲೆ ತಾನೇ ಉಚ್ಚೆ ಹೊಯ್ದುಕೊಳ್ಳುತ್ತದೆ. ಹೆಣ್ಣುಗಳಿಗೆ ಅದು ಸೆಂಟು. ಅದರ ಮೇಲೆ ಮಳೆ ಬೇರೆ ಬಿದ್ದಿತ್ತು. ಅತ್ತೆಯನ್ನು ಅದರ ಮುಂದೆ ನಿಲ್ಲಿಸಿ ಮಾವ ಅದರ ಗಡ್ಡ ಹಿಡಿದು ಮೇಲೆತ್ತಿದರು. ಹತ್ತು ಮಾರು ದೂರವಿದ್ದ ನನಗೆ ತಲೆ ಸುತ್ತಿತು. ಅತ್ತೆ ಬಗ್ಗಿ, ಗಡ್ಡಕ್ಕೆ ಮೂಗು ಹಚ್ಚಿ, ಉದ್ದಕ್ಕೆ ಉಸಿರು ಎಳೆದುಕೊಂಡರು. ಆಮೇಲೆ ಕೈಯಿಂದ ಅದರ ಗಡ್ಡ ಒರೆಸುತ್ತ, "ಪಾಪ, ತೊಯ್ಸಿಕೊಂಡೈತಿ," ಎಂದರು.

ಆಮೇಲೆ ಯಜಮಾನರ ಡ್ರಮ್ಮು. ಮುಚ್ಚಳ ತೆಗೆದ ಕೂಡಲೇ ನಮ್ಮ ನಾಯಿ ಹಿತ್ತಲು ಬಿಟ್ಟು ಓಡಿತು, ಸಂಜೆಯ ತನಕ ಬರಲಿಲ್ಲ. ಪಕ್ಕದ ತೋಟದಿಂದ ಪದ್ಮಕ್ಕ, "ಸಿದ್ದಪ್ಪಾ, ಏನ್ ಪಾಪಾ ಕುದಸಾಕತ್ತಿಯೋ ಅಲ್ಲಿ? ಖರೆ ಹೇಳತೇನಿ, ನಮ್ಮ ದೇವರು ಸುದ್ದಾ ಮೂಗ ಮುಚ್ಚಿಕೊಂಡಾನು!" ಎಂದು ಕೂಗಿದರು. ಅತ್ತೆ ಡ್ರಮ್ಮಿನಲ್ಲಿ ಇಣುಕಿ, "ಇಷ್ಟ ಛಲೋ ಬೆಲ್ಲ ಹಾಳ ಮಾಡೀಯಲ್ಲೋ ಸಿದ್ದ್ಯಾ," ಎಂದು ಮಗನನ್ನು ನೋಡಿದರು. ಮೂಗಿನ ಸುದ್ದಿ ಇಲ್ಲ. ಮುಂದೆ ಮೂಡಲಗಿ ಹಾದಿಯ ಕೋಳಿ ಫಾರ್ಮು. ಅಲ್ಲಿ ಗೊಬ್ಬರ ಕೆದರಿಸಿದಾಗ ಅತ್ತೆಯ ಕಣ್ಣಲ್ಲಿ ದಳದಳ ನೀರು ಬಂತು. ನಾವು, "ಬಂತೇನ್ರಿ? ಬಂತೇನ್ ಬೇ?" ಎಂದು ಸುತ್ತ ನೆರೆದೆವು. "ಕಣ್ಣಿಗಿ ನಾರತೈತಿ, ಮೂಗಿಗಿ ಇಲ್ಲ," ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ದಿನ ಬೈಕಿನಲ್ಲಿ ನನ್ನ ಹಿಂದೆ ಕುಳಿತ ಅತ್ತೆ ಹಕ್ಕಿಯಷ್ಟು ಹಗುರಾಗಿದ್ದರು.

ಈ ನಡುವೆ ಮಾವ ಒಂದು ಪರಾಕ್ರಮ ಮಾಡಿದ್ದರು. ದನದ ಡಾಕ್ಟರು ಹೇಳಿದ್ದರಿಂದ ನಾವು ಮೊದಲ ಸಲ ಸೈಲೇಜು ಹಾಕಿದ್ದೆವು. ಹಸಿ ಗೋವಿನಜೋಳ ಕತ್ತರಿಸಿ, ನೆಲದಲ್ಲಿ ತೋಡಿದ ತೆಗ್ಗಿಗೆ ತುಂಬಿ, ತುಳಿದು, ಮೇಲೆ ಪ್ಲಾಸ್ಟಿಕ್ಕು, ಅದರ ಮೇಲೆ ಮಣ್ಣು. ಒಂದಿಷ್ಟೂ ಗಾಳಿ ಹೋಗಬಾರದು, ಆಗಲೇ ಅದು ದನಕ್ಕೆ ಉಪ್ಪಿನಕಾಯಿಯ ಹಾಗೆ ಹದವಾಗುತ್ತದೆ ಎಂದು ಡಾಕ್ಟರು ಮತ್ತೆ ಮತ್ತೆ ಹೇಳಿದ್ದರು. ಮಾವನ ಜನ್ಮವೆಲ್ಲ ಕುರಿ ಹಟ್ಟಿಯಲ್ಲಿ ಕಳೆದದ್ದು. ಗಾಳಿಯಾಡದ ಹಟ್ಟಿಯಲ್ಲಿ ಮರಿ ಸಾಯುತ್ತವೆ, ಗಾಳಿಯಾಡದ ಬಣವೆಯಲ್ಲಿ ಮೇವು ಮುಗ್ಗುತ್ತದೆ. ಹಸಿ ಮೇವನ್ನು ಉಸಿರುಗಟ್ಟಿಸಿ ಹೂಳುವುದನ್ನು ಅವರ ಜೀವ ಒಪ್ಪಲಿಲ್ಲ. ಯಾರಿಗೂ ಹೇಳದೆ ಪ್ಲಾಸ್ಟಿಕ್ಕಿಗೆ ತೂತು ಮಾಡಿ ಅಲ್ಲಲ್ಲಿ ಪೈಪಿನ ತುಂಡು ನೆಟ್ಟು ಬಂದಿದ್ದರು. ಆ ಪೈಪುಗಳಿಂದ ಗಾಳಿಯ ಜೊತೆ ಶ್ರಾವಣದ ಮಳೆಯೂ ಒಳಗಿಳಿಯಿತು.

ಶ್ರಾವಣದಲ್ಲೇ, ನಾಗರ ಪಂಚಮಿಯ ದಿನ ಅತ್ತೆಯ ಮೂಗು ಎದ್ದಿತು. ನಾನು ಬೆಳ್ಳುಳ್ಳಿ ಒಗ್ಗರಣೆ ಕೊಟ್ಟೆ. ಅಂಗಳದಲ್ಲಿದ್ದ ಅತ್ತೆ ಸೆರಗು ಮುಚ್ಚಿಕೊಂಡು ಓಡಿ ಬಂದರು. "ಒಳಗ ಏನರೆ ಸತ್ತೈತೇನ? ಏನ್ ನಾತಾ ಇದು!" ನಾನು ಸೌಟು ಬಿಟ್ಟು ಕುಣಿದೆ. ಮಾವ ಗಾಬರಿಯಿಂದ ಬೀಡಿ ಬಿಸುಟು ನಿಂತರು. ಆದರೆ ಸಂಭ್ರಮ ಬಹಳ ಹೊತ್ತು ಉಳಿಯಲಿಲ್ಲ. ಎದ್ದ ಮೂಗು ತಿರುಗಾಮುರುಗಾ ಎದ್ದಿತ್ತು. ಬೆಳ್ಳುಳ್ಳಿ ಅವರಿಗೆ ಸತ್ತ ಇಲಿ, ಚಹಾ ಸುಟ್ಟ ಕೂದಲು, ನನ್ನ ತಲೆಯ ಮಲ್ಲಿಗೆ ಎಣ್ಣೆ ಗಟಾರು. ಅದೇ ಮಾವನ ಬೀಡಿ ಮಾತ್ರ ಊದಿನಕಡ್ಡಿ! "ಸೇದ್ರಿ ಸೇದ್ರಿ, ಗುಡ್ಯಾಗ ಕುಂತಂಗ ಆಗತೈತಿ," ಎಂದು ತಾವೇ ಕಡ್ಡಿಪೆಟ್ಟಿಗೆ ಕೊಟ್ಟರು. ಮಾವನಿಗೆ ಬದುಕಿನಲ್ಲಿ ಅಷ್ಟು ಒಳ್ಳೆಯ ಕಾಲ ಮತ್ತೆ ಬರಲಿಲ್ಲ.

ಗೋಕಾಕದ ಡಾಕ್ಟರಿಗೆ ಫೋನು ಮಾಡಿದೆ. "ಮೂಗು ಹೊಳ್ಳಿ ಬರಾಕತ್ತೇತಿ, ಹಾದಿ ತಪ್ಪೇತಿ ಅಷ್ಟ. ತಾನ ಸರಿ ಆಕ್ಕೈತಿ. ಆದರ ಅಲ್ಲೀಮಟಾ ಹ್ಯಾಂಗರೆ ಮಾಡಿ ಉಣಸ್ರಿ, ಭಾಳ ಇಳದಾರ ಅವರು," ಎಂದರು. ಉಣಿಸುವುದೇ ಹೇಗೆ? ಅಡುಗೆಮನೆಯ ಬಾಗಿಲಿಗೆ ಬಂದರೆ ಅತ್ತೆಗೆ ಓಕರಿಕೆ. ಪದ್ಮಕ್ಕ ತಮ್ಮ ಮನೆಯಿಂದ ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲದ ಬೇಳೆ ತಂದು ಕೊಟ್ಟರು. "ಗಂಗಕ್ಕಾ, ಈಗರೆ ನಿಮ್ಮ ಮೂಗಿಗಿ ಧರ್ಮ ತಿಳೀತು ನೋಡ್ರಿ," ಎಂದು ನಗಿಸಲು ನೋಡಿದರು. ಅತ್ತೆ ಎರಡು ತುತ್ತು ಉಂಡು ಕೈತೊಳೆದರು.

ಅಂಥ ದಿನಗಳಲ್ಲಿಯೇ ಸೈಲೇಜಿನ ತೆಗ್ಗು ತೆರೆದೆವು. ಪ್ಲಾಸ್ಟಿಕ್ಕು ಸರಿಸಿದ್ದೇ ತಡ, ನಾನು ಬೇವಿನ ಮರ ಹಿಡಿದುಕೊಂಡೆ. ಮುಗ್ಗಿದ ಬೆಣ್ಣೆ, ಕೂಸು ಕಕ್ಕಿದ ಹಾಲು, ವಾರಗಟ್ಟಲೆ ತೊಳೆಯದ ಕಾಲುಚೀಲ, ಎಲ್ಲ ಕೂಡಿಸಿ ಕುದಿಸಿದರೆ ಏನಾಗುತ್ತದೋ ಅದು. ಹೋತ, ಡ್ರಮ್ಮು, ಕೋಳಿ ಗೊಬ್ಬರ ಮೂರೂ ಇದರ ಮುಂದೆ ಬಾಲವಾಡಿ ಮಕ್ಕಳು. ಎಮ್ಮೆಯ ಮುಂದೆ ಒಂದು ಹಿಡಿ ಹಿಡಿದರೆ ಅದು ನನ್ನನ್ನು ಅವಮಾನವಾದವರಂತೆ ನೋಡಿ ಮುಖ ತಿರುಗಿಸಿತು. ದನದ ಡಾಕ್ಟರು ಬಂದು, "ಇದನ್ನ ಈಗಿಂದೀಗ ತಿಪ್ಪಿಗಿ ಹಾಕ್ರಿ. ಈ ಪೈಪು ಇಟ್ಟಾಂವ ಯಾಂವ?" ಎಂದು ಕೇಳಿದರು. ಮಾವ ಆಕಾಶ ನೋಡುತ್ತ, "ಇವತ್ತ ಮಳಿ ಬರೂ ಹಂಗ ಕಾಣತೈತಿ," ಎಂದರು.

ಯಜಮಾನರು ಮೂಗಿಗೆ ಟವೆಲ್ಲು ಬಿಗಿದುಕೊಂಡು ಬುಟ್ಟಿ ತಂದರು. ಅಷ್ಟರಲ್ಲಿ ಅತ್ತೆ ಮನೆಯ ಮೂಲೆಯಿಂದ ಮೆಲ್ಲಗೆ ನಡೆದು ಬಂದರು. ಬಂದವರು ತೆಗ್ಗಿನ ಬದಿಯಲ್ಲಿ ನಿಂತು ಕಣ್ಣು ಮುಚ್ಚಿದರು. "ಏನ್ ಘಮಾ ಅಂತ ಬರಾಕತ್ತೇತವಾ! ತುಪ್ಪದಾಗ ಶಾವಿಗಿ ಹುರದಂಗ. ಹಸಿವು ಆದಂಗ ಆತು ನೋಡ."

ಹಸಿವು! ನಾನು ಒಳಗೆ ಓಡಿದ ವೇಗಕ್ಕೆ ಕಾಲಿಗೆ ಚಪ್ಪಲಿ ಇತ್ತೋ ಇಲ್ಲವೋ ನೆನಪಿಲ್ಲ. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಸಿಕ್ಕದ್ದೆಲ್ಲ ತಾಟಿಗೆ ಹಾಕಿಕೊಂಡು ಬಂದೆ. ಅತ್ತೆ ಅಲ್ಲೇ ಒಂದು ಕಲ್ಲಿನ ಮೇಲೆ ಕುಳಿತು ಒಂದು ರೊಟ್ಟಿ ಉಂಡರು. ಇನ್ನರ್ಧ ಕೇಳಿದರು. ತೆಗ್ಗಿನ ನಾತದ ಮುಂದೆ ನನ್ನ ಬೆಳ್ಳುಳ್ಳಿಯ ಆಟ ನಡೆದಿರಲಿಲ್ಲ. ಯಜಮಾನರು ಬುಟ್ಟಿ ಎತ್ತಲು ಹೋದರೆ ನಾನು ಅಡ್ಡ ನಿಂತೆ. "ಅದನ್ನ ಯಾರೂ ಮುಟ್ಟಬ್ಯಾಡ್ರಿ!" ಎಂದೆ. ಎಲ್ಲರೂ ನೋಡುತ್ತಿದ್ದರೂ ಅಳು ತಡೆಯಲಿಲ್ಲ.

ತೆಗ್ಗಿನ ಮೇಲೆ ತಗಡಿನ ಚಪ್ಪರ ಎದ್ದಿತು. ಕೆಲವು ದಿನ ಎಲ್ಲ ಸರಿಯಾಗಿ ನಡೆಯಿತು. ಆಮೇಲೆ ಅತ್ತೆ ಮುನಿಸಿಕೊಂಡರು. "ನೀವೆಲ್ಲಾ ಮನಿಯೊಳಗ, ನಾ ಒಬ್ಬಾಕಿ ಇಲ್ಲಿ ಕುಂತು ಉಣ್ಣೂದು? ನಾನೇನ್ ಕಾವಲ ನಾಯಿ? ಬ್ಯಾಡ ನಂಗ," ಎಂದು ತಾಟು ಮುಟ್ಟಲಿಲ್ಲ. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಾವ ಒಳಗೆ ಹೋಗಿ ತಮ್ಮ ತಾಟು ತಂದು ತೆಗ್ಗಿನ ಬದಿಯಲ್ಲಿ ಕುಳಿತರು. ಅವರ ಹಿಂದೆ ಯಜಮಾನರು, ಅವರ ಹಿಂದೆ ನಾನು.

ಆ ನಾತದಲ್ಲಿ ಉಣ್ಣುವುದೂ ಒಂದು ಕಸುಬು. ಬಾಯಿಯಿಂದ ಉಸಿರಾಡಬೇಕು, ಆದರೆ ಬಾಯಲ್ಲಿ ತುತ್ತಿರುತ್ತದೆ. ಒಂದು ತುತ್ತು, ಒಂದು ಉಸಿರು. ಮೊದಲ ದಿನ ಯಜಮಾನರು ಮೂರನೆಯ ತುತ್ತಿಗೆ ಎದ್ದು ಕಬ್ಬಿನೊಳಗೆ ಹೋಗಿ ಬಂದರು. ಬಂದು ಮತ್ತೆ ಕೂತರು. "ಯಾಕೋ ಸಿದ್ದ್ಯಾ?" ಎಂದು ಅತ್ತೆ ಕೇಳಿದರೆ, "ಮೆಣಸಿನಕಾಯಿ ಹತ್ತೇತಿ ಬೇ ಯವ್ವಾ," ಎಂದರು. ಪದ್ಮಕ್ಕ ಒಮ್ಮೊಮ್ಮೆ ಬಂದು ಗಾಳಿ ಬೀಸುವ ದಿಕ್ಕು ನೋಡಿ ದೂರದಲ್ಲಿ ಕುಳಿತು ಹರಟೆ ಹೊಡೆಯುತ್ತಿದ್ದರು. ಮಾವನಿಗೆ ಒಂದೇ ಚಿಂತೆ: ನಾತ ಕಡಿಮೆಯಾದರೆ ಹೇಗೆ? ಊಟಕ್ಕೆ ಮೊದಲು ಸಲಿಕೆಯಿಂದ ತೆಗ್ಗು ಕೆದರಿ ತಾಜಾ ಮಾಡುತ್ತಿದ್ದರು. ಅತ್ತೆಯ ಬಳೆಗಳು ಮೊಳಕೈಯಿಂದ ಮೆಲ್ಲಗೆ ಕೆಳಗಿಳಿದವು. ಗಣಪತಿ ಹಬ್ಬ, ದಸರೆ ಎರಡೂ ನಮಗೆ ಆ ಚಪ್ಪರದಲ್ಲೇ ಆದವು.

ಸೀಗಿಹುಣ್ಣಿಮೆಗೆ ಹುಕ್ಕೇರಿಯಿಂದ ನನ್ನ ಅಣ್ಣ ಬಂದ. ಅಂದು ಭೂಮಿತಾಯಿಗೆ ಎಡೆಯೆಂದು ಹೊಲದಲ್ಲಿ ಚರಗ ಚೆಲ್ಲಿ, ಹೊಲದಲ್ಲೇ ಎಲ್ಲರೂ ಕೂಡಿ ಉಣ್ಣುವ ಹಬ್ಬ. ನಾವು ಚರಗ ಚೆಲ್ಲಿ ಬಂದು ಬುತ್ತಿಯನ್ನು ತೆಗ್ಗಿನ ಮುಂದೆ ಬಿಚ್ಚಿದೆವು. ಸಜ್ಜೆ ಕಡುಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯ, ಮೊಸರನ್ನ. ಅಣ್ಣ ಕರವಸ್ತ್ರದಿಂದ ಮೂಗು ಹಿಡಿದುಕೊಂಡು ನನ್ನ ಕಿವಿಯಲ್ಲಿ, "ತಂಗೀ, ಖರೆ ಹೇಳು, ಇವರು ನಿನ್ನ ಮನಿಯೊಳಗ ಕುಂಡ್ರಾಕ ಕೊಡೂದಿಲ್ಲೇನು?" ಎಂದು ಕೇಳಿದ. "ಸುಮ್ಮ ಉಣ್ಣಣ್ಣಾ," ಎಂದು ಅವನ ತಾಟಿಗೆ ಹೋಳಿಗೆ ಹಾಕಿದೆ. ಮಾವ ಅತಿಥಿ ಬಂದ ಹುರುಪಿನಲ್ಲಿ ಅಂದು ಎರಡು ಸಲ ಕೆದರಿದ್ದರು.

ಅತ್ತೆ ಹೋಳಿಗೆ ಮುರಿದು ಬಾಯಿಯ ಹತ್ತಿರ ಒಯ್ದರು. ಕೈ ಅಲ್ಲೇ ನಿಂತಿತು. ಹೋಳಿಗೆಯನ್ನು ಮೂಗಿನ ಹತ್ತಿರ ತಂದು ಒಮ್ಮೆ ಮೂಸಿದರು, ಮತ್ತೊಮ್ಮೆ ಮೂಸಿದರು. ಆಮೇಲೆ ನಿಧಾನವಾಗಿ ತಲೆ ಎತ್ತಿ ತೆಗ್ಗು ನೋಡಿದರು, ಸಾಲಾಗಿ ಕುಳಿತ ನಮ್ಮನ್ನು ನೋಡಿದರು, ಕರವಸ್ತ್ರದ ಹಿಂದಿನ ನನ್ನ ಅಣ್ಣನನ್ನು ನೋಡಿದರು. ಅವರ ಮುಖ ಕಿವುಚಿತು. ಸೆರಗು ಸರ್ರನೆ ಮೂಗಿಗೆ ಹೋಯಿತು.

"ಅಲ್ಲರೋ ಹುಚ್ಚಪ್ಯಾಲಿಗೋಳ್ರಾ! ಹಬ್ಬದ ದಿನಾ ಬೀಗರನ್ನ ತಂದು ಇಂಥಾ ಗಬ್ಬ ನಾತದಾಗ ಕುಂಡ್ರಿಸಿ ಉಣ್ಣಾಕ ಹಾಕೀರಲ್ಲಾ, ನಿಮಗ್ಯಾರಿಗೂ ಮೂಗ ಇಲ್ಲೇನ್ರೋ?"

ಯಜಮಾನರು ತುತ್ತು ಬಾಯಲ್ಲಿಟ್ಟುಕೊಂಡೇ ನಗುತ್ತಿದ್ದರು, ಮಾವ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತಕಡೆ ತಿರುಗಿದ್ದರು. ಅತ್ತೆಯ ಕಣ್ಣು ನನ್ನ ಮೇಲೆ ಬಿತ್ತು. "ನೀ ಏನ್ ಹಲ್ಲ ಕಿಸಕೊಂಡು ಅಳಾಕತ್ತಿ? ಎತ್ತು ತಾಟು, ನಡಿ ಒಳಗ!" ನಾನು ತಾಟು ಎತ್ತಿಕೊಂಡು ನಿಂತೆ. ಅವರು ಇನ್ನೂ ಬೈಯುತ್ತಿದ್ದರು. ಯಾರಿಗೂ ಒಳಗೆ ಹೋಗುವ ಅವಸರವಿರಲಿಲ್ಲ.